ಹಿತ್ತಲ ಮಡಿಗೆ ಬೆಕ್ಕು ಬಾರದಂತೆ: ಲಿಂಬೆ ಸಿಪ್ಪೆಯೋ, ಮುಳ್ಳೋ, ಜಾಳಿಗೆಯೋ?

ವಿಜಯಪುರದಲ್ಲಿ ಹಿತ್ತಲು ಮಾಡುವವರಿಗೆ ಬೆಕ್ಕಿನ ಕಾಟ ಹೆಚ್ಚಲು ನಮ್ಮ ಮಣ್ಣೂ ಒಂದು ಕಾರಣ. ಎರೆಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಾವು ಅದಕ್ಕೆ ಮರಳು, ತಿಪ್ಪೆಗೊಬ್ಬರ ಬೆರೆಸಿ ಮೆಂತ್ಯ, ಕೊತ್ತಂಬರಿಗೆ ಮೆತ್ತನೆ ಮಡಿ ಮಾಡುತ್ತೇವೆ. ಕೆದರಿ, ಹೇಸಿಗೆ ಮಾಡಿ, ಮುಚ್ಚಿ ಹೋಗುವ ಬೆಕ್ಕಿಗೆ ಓಣಿಯಲ್ಲಿ ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು?

ಎಲ್ಲರೂ ಮೊದಲು ಹೇಳುವುದು ಲಿಂಬೆ ಸಿಪ್ಪೆ. ಇಂಡಿ ಲಿಂಬೆಯ ಜಿಲ್ಲೆ ನಮ್ಮದು, ಸಿಪ್ಪೆಗೇನೂ ಬರವಿಲ್ಲ. ಆ ವಾಸನೆ ಬಹಳಷ್ಟು ಬೆಕ್ಕುಗಳಿಗೆ ಆಗಿಬರುವುದಿಲ್ಲ. ಹಸಿ ಸಿಪ್ಪೆ ಹಾಕಿದ ರಾತ್ರಿ ನಮ್ಮ ಮಡಿ ಹಾಗೇ ಇತ್ತು. ಮರುದಿನದ ಬಿಸಿಲಿಗೆ ಸಿಪ್ಪೆ ಮುರುಟಿತು, ವಾಸನೆ ಹೋಯಿತು. ಆಮೇಲೆ ನೋಡಿದರೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿಯೇ ಕೆದರಿದ್ದವು. ದಿನಾ ಹೊಸದು ಹಾಕುವಷ್ಟು ತಾಳ್ಮೆ ಇದ್ದರೆ ಮಾತ್ರ ಇದು ನಡೆಯುತ್ತದೆ.

ಡಾಂಬರ್ ಗುಳಿಗೆ, ಖಾರದ ಪುಡಿ ಹಾಕಿ ಅನ್ನುವವರೂ ಇದ್ದಾರೆ. ಎರಡನ್ನೂ ನಾನು ಮುಟ್ಟಲಿಲ್ಲ. ಆ ಗುಳಿಗೆ ಬೆಕ್ಕಿಗೂ ವಿಷ, ಪೆಪ್ಪರಮಿಂಟು ಅಂತ ಬಾಯಿಗಿಟ್ಟುಕೊಳ್ಳುವ ಮಗುವಿಗೂ ವಿಷ. ಖಾರ ಪಂಜಕ್ಕೆ ಹತ್ತಿ ಕಣ್ಣಿಗೆ ಹೋಗುತ್ತದೆ. ಮೂಕ ಪ್ರಾಣಿಗೆ ಅಷ್ಟು ಉರಿ ಕೊಟ್ಟು ಪಲ್ಯ ಬೆಳೆಯುವುದು ಬೇಡ.

ಜಾಲಿ ಮುಳ್ಳು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕಳೆ ಕೀಳುವ ಕೈಗೆ ಮೊದಲು ಚುಚ್ಚುವುದೂ ಅದೇ. ಚಪ್ಪಲಿಯನ್ನೂ ತೂರಿ ಬರುತ್ತದೆ. ಮಕ್ಕಳಿರುವ ಮನೆಗೆ ಸಲ್ಲದು. ಜೋಳದ ಕಣಿಕೆ ಹಾಸಿದರೆ ತೇವ ಚೆನ್ನಾಗಿ ಉಳಿಯುತ್ತದೆ, ಆದರೆ ಬೆಕ್ಕು ಅದರ ಮೇಲೆ ಹಾಯಾಗಿ ಮಲಗುತ್ತದೆ!

ಮುಳ್ಳಿಗಿಂತ ತೊಗರಿ ಕಟ್ಟಿಗೆ ಎಷ್ಟೋ ಮೇಲು. ರಾಶಿ ಆದ ಮೇಲೆ ಹೊಲದವರ ಹತ್ತಿರ ಕೇಳಿದರೆ ಸಿಗುತ್ತದೆ. ಮೊಳದುದ್ದ ಕತ್ತರಿಸಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಟ್ಟಗೆ ಊರಬೇಕು. ಬೆಕ್ಕಿಗೆ ತಿರುಗಿ ಕೂರಲು ಜಾಗ ಸಿಗಬಾರದು, ಅಷ್ಟೇ. ಬದನೆ, ಮೆಣಸಿನ ಸಸಿಗೆ ಇದು ಸಾಕು. ಬೀಜ ಚೆಲ್ಲಿದ ಸೊಪ್ಪಿನ ಮಡಿಗೆ ಸಾಲದು.

ಅಲ್ಲಿಗೆ ತಂತಿ ಜಾಳಿಗೆಯೇ ಬೇಕು. ನಾನು ಪ್ರಯತ್ನಿಸಿದ್ದರಲ್ಲಿ ಇದೇ ಗಟ್ಟಿ ಉಪಾಯ. ಒಂದು ಇಂಚು ಕಣ್ಣಿನ ಜಾಳಿಗೆಯನ್ನು ಬೀಜ ಹಾಕಿದ ದಿನವೇ ಮಣ್ಣಿನ ಮೇಲೆ ಮಲಗಿಸಿ, ಅಂಚು ಒಳಗೆ ಮಡಚಿ, ಮೂಲೆಗೆ ಕಲ್ಲು ಇಡಬೇಕು. ಓಣಿಯ ಕೆಂಚ ಬೆಕ್ಕು ಬಂದು ಮುಂಗಾಲು ಇಟ್ಟಿತು. ಕೆದರಿದರೆ ಉಗುರಿಗೆ ತಂತಿ ಸಿಕ್ಕಿತೇ ಹೊರತು ಮಣ್ಣಲ್ಲ. ಕಾಲು ಝಾಡಿಸಿ, ಇನ್ನೊಂದು ಕಡೆ ಕೆದರಿ ನೋಡಿ, ಗೋಡೆ ಹತ್ತಿತು. ಗಾಯವಿಲ್ಲ, ಗದರಿಕೆಯಿಲ್ಲ. ರೊಕ್ಕ ಖರ್ಚಾಗುತ್ತದೆ ನಿಜ, ಆದರೆ ವರ್ಷಗಟ್ಟಲೆ ಬರುತ್ತದೆ. ಸಸಿ ಬೆರಳುದ್ದ ಆಗುತ್ತಲೇ ಮೆಲ್ಲಗೆ ಎತ್ತಿಬಿಡಿ. ತಡ ಮಾಡಿದರೆ ಸೊಪ್ಪು ಕೀಳುವಾಗ ಬೇರು ಸಿಕ್ಕಿಕೊಳ್ಳುತ್ತದೆ. ಎತ್ತಿದ ಮೇಲೆ ಸಸಿಗಳ ನಡುವೆ ತೊಗರಿ ಕಟ್ಟಿಗೆ ಊರಿ.

ಇಷ್ಟೆಲ್ಲ ಯಾಕೆ ಅಂದರೆ, ನಾವು ರೊಟ್ಟಿ ಜೊತೆ ಮೆಂತ್ಯ, ಹಕ್ಕರಿಕೆ ಸೊಪ್ಪು ಹಸಿಯಾಗಿ ತಿನ್ನುವ ಜನ. ಬೆಕ್ಕಿನ ಹೇಸಿಗೆಯಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇರಬಹುದು. ಅದು ಬಸುರಿಯರ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಕೈಗವಸು ಹಾಕಿಕೊಂಡೇ ಮಣ್ಣು ಮುಟ್ಟಿ, ಸೊಪ್ಪು ಚೆನ್ನಾಗಿ ತೊಳೆಯಿರಿ.

ಜಾಳಿಗೆ ಹಾಕಿದಾಗ ಬೆಕ್ಕು ಪಕ್ಕದ ಹಿತ್ತಲಿಗೆ ಹೋಯಿತು. ಅಲ್ಲಿನ ಕಾಕು ಬೈಯಲಿಲ್ಲ, "ಅದಕ್ಕೂ ಒಂದ್ ಜಾಗಾ ಮಾಡಿ ಕೊಡ್ರಿ, ಅದಾದ್ರೂ ಎಲ್ಲಿಗಿ ಹೋಗಬೇಕು?" ಅಂದರು. ಪೇರಲ ಗಿಡದ ಕೆಳಗೆ ಒಣ ಮರಳು ಹಾಕಿ, ಮೊದಲು ಹೇಸಿಗೆ ಮಾಡಿದ್ದ ಮಣ್ಣು ಒಂದಿಷ್ಟು ಬೆರೆಸಿದೆವು. ಸಂಜೆ ಮಡಿಗಳಿಗೆ ನೀರು ಹಾಕಿ ಒದ್ದೆ ಇಟ್ಟೆವು, ಮರಳು ಒಣಗಿಯೇ ಇತ್ತು. ಈಗ ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. ಆದರೆ ಮರಳಲ್ಲಿ ಬಿದ್ದ ಹೇಸಿಗೆಯನ್ನು ದಿನಾ ತೆಗೆದು ಸ್ವಚ್ಛ ಮಾಡಬೇಕು. ಆ ರೋಗಾಣು ಹೊರಬಿದ್ದ ಮೇಲೆ ಸೋಂಕು ತಗಲಿಸುವಂತಾಗಲು 1ರಿಂದ 5 ದಿನ ಬೇಕು, ಹಾಗಾಗಿ ಅದೇ ದಿನ ತೆಗೆದರೆ ಅಪಾಯ ಬಹಳ ಕಡಿಮೆ. ಬಸುರಿಯರಿದ್ದರೆ ಈ ಕೆಲಸ ಮನೆಯ ಬೇರೆಯವರು ಮಾಡಲಿ.