ಹಳೇ ಬೆಡ್‌ಶೀಟ್: ಸಂಡಿಗೆಗೋ, ಕೌದಿಗೋ?

ರಾಯಚೂರಿನ ಬಿಸಿಲಿಗೆ ಸಂಡಿಗೆ ಬೇಗ ಒಣಗುತ್ತೆ. ಹಾಗಾಗಿ ತೆಳು ಹತ್ತಿ ಬೆಡ್‌ಶೀಟ್ ಒಂದನ್ನಾದರೂ ಮಾಳಿಗೆ ಮೇಲೆ ಹಾಸಲು ಎತ್ತಿಡಿ. ಸಂಡಿಗೆ ಒಣಗಿದ ಮೇಲೆ ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿ, ಸ್ವಲ್ಪ ಬಿಟ್ಟು ಎಳೆದರೆ ಮುರಿಯದೆ ಬಿಡಿಸಿಕೊಂಡು ಬರುತ್ತೆ. ಮತ್ತೆ ಒಣಗಿಸಿ. ಬಣ್ಣ ಬಿಡೋ ಬಟ್ಟೆ ಮಾತ್ರ ಬೇಡ.

ಕೌದಿಗೆ ಕೆಲಸ ಜಾಸ್ತಿ. ಒಂದೆರಡು ಬೆಡ್‌ಶೀಟ್ ಸಾಲಲ್ಲ, ಹಳೇ ಸೀರೆಯೂ ಬೇಕು. ಪದರ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕಬೇಕು. ನಡು ಸವೆದು ಜಾಳಾಗಿದ್ದನ್ನು ಒಳಗೆ ಹಾಕಿ, ಗಟ್ಟಿ ಸೀರೆ ಮೇಲೆ ಬರಲಿ. ಬಾಳಿಕೆ ಬರೋದು ಇದೇ. ಮನೇಲಿ ಕೂಸಿದ್ದರೆ ನನ್ನ ಓಟು ಕೌದಿಗೆ.

ಪಾಲಿಯೆಸ್ಟರ್ ಶೀಟಾ? ನೀರು ಸರಿಯಾಗಿ ಹೀರಲ್ಲ, ನೆಲ ಒರೆಸಲೂ ಬರಲ್ಲ. ಮಳೆಗಾಲದಲ್ಲಿ ಸುಮ್ನೆ ಕೂತಿರೋ ಕೂಲರ್‌ಗೆ ಹೊದಿಸಿ, ಧೂಳಾದರೂ ತಪ್ಪುತ್ತೆ.