ನೀರಲ್ಲಿ ನೆನೆಸುವ ಇನ್ಸುಲಿನ್ ಚೀಲ: ಎರಡು ಬೇಸಿಗೆ ಕಳೆದ ಮೇಲೆ

ನಮ್ಮ ಮಗಳಿಗೆ ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ. ನಾವಿರುವುದು ಗದಗದಲ್ಲಿ, ತೋರಿಸುವುದು ಹುಬ್ಬಳ್ಳಿಯಲ್ಲಿ. ಊಟಕ್ಕೆ ಮುಂಚೆ ಇನ್ಸುಲಿನ್ ಬೇಕೇ ಬೇಕು. ಹಾಗಾಗಿ ಶಾಲೆ, ಬಸ್ಸು, ಅಜ್ಜಿಯ ಊರು, ಎಲ್ಲಿ ಹೋದರೂ ಬಾಟಲಿ ಅವಳ ಜೊತೆ ಇರಬೇಕು. ಬಿಸಿಗೆ ಇನ್ಸುಲಿನ್ ಕೆಡುತ್ತದೆ, ಅದಕ್ಕೇ ಮೊದಲು ಐಸ್ ಪ್ಯಾಕ್ ಹಾಕಿದ ಡಬ್ಬಿ ಒಯ್ಯುತ್ತಿದ್ದೆವು. ಡಾಕ್ಟರ ಹತ್ತಿರ ನಮ್ಮ ಪಾಳಿ ಬರುವಷ್ಟರಲ್ಲಿ ಐಸ್ ನೀರಾಗಿರುತ್ತಿತ್ತು. ಐಸ್ ತಾಗಿ ಇನ್ಸುಲಿನ್ ಹೆಪ್ಪುಗಟ್ಟೀತು ಅನ್ನುವ ಭಯ ಬೇರೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ.

ಈ ಚೀಲಕ್ಕೆ ಐಸೂ ಬೇಡ, ಕರೆಂಟೂ ಬೇಡ. ಬಟ್ಟೆಯ ಒಳಗೆ ಹರಳುಗಳಿವೆ. ಸ್ವಲ್ಪ ಹೊತ್ತು ನೀರಲ್ಲಿ ಅದ್ದಿದರೆ ಉಬ್ಬಿ ಜೆಲ್ ಆಗುತ್ತವೆ. ಆ ನೀರು ನಿಧಾನವಾಗಿ ಆರುತ್ತಾ ಒಳಗೆ ತಂಪು ಮಾಡುತ್ತದೆ. ಮಣ್ಣಿನ ಗಡಿಗೆಯ ಲೆಕ್ಕವೇ. ಜಾಸ್ತಿ ನೆನೆಸಿದರೆ ಮಾತ್ರ ಚೀಲ ಊದಿಕೊಂಡು ಬಾಟಲಿ ಒಳಗೆ ಹೋಗುವುದಿಲ್ಲ.

ನಮ್ಮ ಕಡೆಯ ಒಣ ಬಿಸಿಲಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಸಣ್ಣ ಥರ್ಮಾಮೀಟರ್ ಇಟ್ಟು ನೋಡಿದೆ: ಹೊರಗೆ 37 ಡಿಗ್ರಿ ಇದ್ದಾಗ ಒಳಗೆ 26ರ ಆಸುಪಾಸು. ಬಳಕೆಯಲ್ಲಿರುವ ಬಾಟಲಿಗೆ ಇಷ್ಟು ಸಾಕು. ತೆರೆದ ಮೇಲೆ ಸುಮಾರು 28 ದಿನ, ಬಿಸಿ ತಾಗದಂತೆ ಇಟ್ಟುಕೊಳ್ಳಿ ಅಂತಲೇ ನಮಗೆ ಹೇಳಿದ್ದಾರೆ. ಆದರೆ ಇದು ಫ್ರಿಜ್ ಅಲ್ಲ. ತೆರೆಯದ ಬಾಟಲಿಗಳಿಗೆ 2ರಿಂದ 8 ಡಿಗ್ರಿ ಬೇಕು, ಅವು ಮನೆಯ ಫ್ರಿಜ್‌ನಲ್ಲೇ ಇರಲಿ, ಫ್ರೀಜರ್‌ನಿಂದ ದೂರ.

ಚೀಲಕ್ಕಿಂತ ಚೀಲ ಹಿಡಿಯುವವರದ್ದೇ ಕಷ್ಟ. ಶಾಲೆಯಲ್ಲಿ ಪಾಪ ಒಳ್ಳೆಯ ಮನಸ್ಸಿಂದಲೇ ಅದನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಗಾಳಿ ಆಡದಿದ್ದರೆ ನೀರು ಆರುವುದಿಲ್ಲ, ತಂಪೂ ಇಲ್ಲ. ಹಳ್ಳಿಗೆ ಹೋದಾಗ ನಮ್ಮತ್ತೆ, "ಯವ್ವಾ, ಚೀಲ ಹಸೀನ ಐತಿ, ಬಿಸಲಿಗೆ ಹಾಕ್ಲೇನು?" ಅಂದರು. ಸದ್ಯ, ಕೇಳಿದರಲ್ಲ! ಕಂಪನಿಯ ಸೂಚನೆ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿದೆ. ಅತ್ತೆಗೆ, ಶಾಲೆಯ ಆಯಾಗೆ ಅದರಿಂದ ಏನುಪಯೋಗ? ಈಗ ನಾನೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಚೀಲಕ್ಕೆ ಕಟ್ಟಿದ್ದೇನೆ: ಡಬ್ಬಿಯಲ್ಲಿ ಮುಚ್ಚಬೇಡಿ, ಬಿಸಿಲಿಗೆ ಇಡಬೇಡಿ, ಫ್ರಿಜ್‌ನಲ್ಲೂ ಇಡಬೇಡಿ. ಅದರ ಕೆಳಗೆ, ಶುಗರ್ 70ಕ್ಕಿಂತ ಕೆಳಗಿದ್ದರೆ ಮೊದಲು ಸಕ್ಕರೆ ನೀರು ಕೊಡಿ, ಆಮೇಲೆ ನನಗೆ ಫೋನ್ ಮಾಡಿ ಅಂತ. ವರ್ಷಕ್ಕೊಮ್ಮೆ ಹೊಸ ಟೀಚರ್ ಬಂದಾಗ ಮೊದಲಿಂದ ಎಲ್ಲಾ ಹೇಳುವುದು ತಪ್ಪಿಲ್ಲ, ಆದರೆ ಚೀಟಿಯಿಂದ ಅರ್ಧ ಮಾತು ಉಳಿದಿದೆ.

ಮಳೆಗಾಲದಲ್ಲಿ ಇದರ ಆಟ ನಡೆಯುವುದಿಲ್ಲ. ಧಾರವಾಡದಲ್ಲಿ ನಾದಿನಿ ಮನೆಗೆ ಜುಲೈನಲ್ಲಿ ಹೋಗಿದ್ದಾಗ ಚೀಲ ಆರಲೇ ಇಲ್ಲ, ಮುಗ್ಗಲು ವಾಸನೆ ಹೊಡೆಯಿತು. ಅಷ್ಟು ತಂಪು ಹವೆಯಲ್ಲಿ ಅದು ಬೇಕಾಗಿಯೂ ಇರಲಿಲ್ಲ ಬಿಡಿ. ಈಗ ಮಳೆ ಶುರುವಾದರೆ ನೆರಳಲ್ಲಿ ಪೂರ್ತಿ ಒಣಗಿಸಿ ಎತ್ತಿಡುತ್ತೇನೆ.

ಹೊಲಿಗೆ ಇನ್ನೂ ಗಟ್ಟಿ ಇದೆ, ಬಣ್ಣ ಮಾಸಿದೆ. ಬೆಲೆ ಸ್ವಲ್ಪ ಜಾಸ್ತಿಯೇ. ಕೊಳ್ಳುವಾಗ ಅಳತೆ ನೋಡಿ. ಇನ್ಸುಲಿನ್ ಪೆನ್ (ಪೆನ್ನಿನ ಆಕಾರದ ಇಂಜೆಕ್ಷನ್) ಹಿಡಿಸುವ ಸಣ್ಣ ಚೀಲದಲ್ಲಿ 10 ಎಂಎಲ್ ಬಾಟಲಿ ಕೂರುವುದಿಲ್ಲ. ಬಾಟಲಿ ಬಳಸುವವರು ಅಗಲದ್ದನ್ನೇ ತೆಗೆದುಕೊಳ್ಳಿ, ಕೈಗಾದರೆ ಎರಡು. ಒಂದು ಶಾಲೆಯಲ್ಲಿದ್ದಾಗ ಇನ್ನೊಂದು ಮನೆಯಲ್ಲಿ ಒಣಗುತ್ತಿರುತ್ತದೆ.