ಮೂರು ಕ್ಲೈಂಟ್, ಮೂರು ಬೋರ್ಡ್, ಒಂದೇ ಪಟ್ಟಿ: ಸೂಪರ್ ಪ್ರೊಡಕ್ಟಿವಿಟಿ ಜೊತೆ ಎಂಟು ತಿಂಗಳು

ನಾನು ಶಿವಮೊಗ್ಗದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಸದ್ಯಕ್ಕೆ ಮೂರು ಕ್ಲೈಂಟ್‌ಗಳು. ಬೆಂಗಳೂರಿನ ಒಬ್ಬರದು ಆಸ್ಪತ್ರೆ ಬಿಲ್ಲಿಂಗ್, ಕೊಯಮತ್ತೂರಿನವರದು ಲಾರಿ ಬಾಡಿಗೆಯ ಆ್ಯಪ್, ಇನ್ನೊಬ್ಬರದು ಶಾಲೆಗಳ ಫೀಸಿನ ಲೆಕ್ಕ. ಮೊದಲ ಇಬ್ಬರೂ ಜಿರಾ ಬಳಸುತ್ತಾರೆ, ಅಂದರೆ ತಂಡದ ಕೆಲಸಗಳನ್ನು ಬೋರ್ಡ್ ಮೇಲೆ ಇಟ್ಟು ನೋಡುವ ಆನ್‌ಲೈನ್ ಸಾಧನ. ಮೂರನೆಯವರು ತಮ್ಮದೇ ಸರ್ವರ್‌ನಲ್ಲಿ ಗಿಟ್‌ಲ್ಯಾಬ್ ಇಟ್ಟುಕೊಂಡಿದ್ದಾರೆ, ಅದು ಕೋಡ್ ಜೊತೆಗೆ ಕೆಲಸಗಳ ಪಟ್ಟಿಯನ್ನೂ ಇಡುವ ಸಾಧನ. ಈ ಮೂರೂ ಕಡೆಯ ಕೆಲಸಗಳನ್ನು ಒಂದೇ ಪಟ್ಟಿಗೆ ತಂದ ಸೂಪರ್ ಪ್ರೊಡಕ್ಟಿವಿಟಿ ಎಂಬ ಆ್ಯಪ್ ಬಗ್ಗೆ ಈ ಬರಹ. ಭದ್ರಾವತಿಯ ಒಬ್ಬಳು ಹುಡುಗಿ ವಾರಕ್ಕೆ ಮೂರು ದಿನ ಬಂದು ನನ್ನ ಜೊತೆ ಕೆಲಸ ಮಾಡುತ್ತಾಳೆ.

ಮೊದಲೆಲ್ಲ ಕ್ರೋಮ್‌ನಲ್ಲಿ ಮೂರು ಪ್ರೊಫೈಲ್ ಮಾಡಿಕೊಂಡಿದ್ದೆ. ನೀಲಿ ಬಣ್ಣದ್ದು ಆಸ್ಪತ್ರೆ, ಹಸಿರು ಲಾರಿ, ಕಿತ್ತಳೆ ಶಾಲೆ. ಬೆಳಿಗ್ಗೆ ಕಾಫಿ ಕುಡಿದು ಒಂದೊಂದನ್ನೇ ತೆರೆದು ನೋಡಿ, ಇವತ್ತಿನ ಕೆಲಸಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದೆ. ಹಾಗೇ ನಾಲ್ಕು ವರ್ಷ ನಡೆಯಿತು. ಕಳೆದ ವರ್ಷ ದಸರಾ ವಾರದಲ್ಲಿ ಕೈಕೊಟ್ಟಿತು. ಮಂಗಳವಾರ ಸಂಜೆ ಒಂದು ಹೊಸ ಟಿಕೆಟ್ (ಬೋರ್ಡ್‌ನಲ್ಲಿ ಬರೆದ ಒಂದು ಕೆಲಸ) ನನ್ನ ಹೆಸರಿಗೆ ಬಂದಿತ್ತು, ಬುಧವಾರ ಮಧ್ಯಾಹ್ನಕ್ಕೆ ಬೇಕಾಗಿತ್ತು. ಬುಧವಾರ ಪೂರ್ತಿ ನಾನು ಇನ್ನೊಂದು ಪ್ರೊಫೈಲ್‌ನಲ್ಲೇ ಮುಳುಗಿದ್ದೆ. ಸಂಜೆ ಆ ಹುಡುಗಿ ಬಂದು "ಅಕ್ಕಾ, ಇದು ಇವತ್ತಿಗೇ ಇತ್ತಲ್ವಾ?" ಅಂದಾಗ ಎದೆ ಧಸಕ್ಕೆಂದಿತು. ಕ್ಲೈಂಟ್ ಜೋರು ಮಾಡಲಿಲ್ಲ, ಆದರೆ ಅವರ ರಿಲೀಸ್ (ಆ್ಯಪ್‌ನ ಹೊಸ ಆವೃತ್ತಿಯ ಬಿಡುಗಡೆ) ಒಂದು ದಿನ ತಡವಾಯಿತು. ಅದು ಮನಸ್ಸಿಗೆ ಬಹಳ ಚುಚ್ಚಿತು.

ಇದನ್ನು ಜಿರಾದಲ್ಲೇ ಸರಿಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಜಿರಾದಲ್ಲಿ ಎಷ್ಟೇ ಪ್ರಾಜೆಕ್ಟ್ ಇದ್ದರೂ ಒಂದೇ ಫಿಲ್ಟರ್‌ನಲ್ಲಿ ನೋಡಬಹುದು, ನಿಜ. ಆದರೆ ಆ ಫಿಲ್ಟರ್ ಒಂದು ಸೈಟಿನೊಳಗೆ ಮಾತ್ರ ನಡೆಯುತ್ತದೆ. ಇನ್ನೊಂದು ಕಂಪನಿಯ ಸೈಟು ಅಂದರೆ ಬೇರೆ ಮನೆ, ಬೇರೆ ಬೀಗ. ಅದರ ಮೇಲೆ ನನ್ನ ಇಬ್ಬರು ಕ್ಲೈಂಟ್‌ಗಳ ಟಿಕೆಟ್‌ಗಳೂ 'ವೆಬ್' ಎಂದೇ ಶುರುವಾಗುತ್ತವೆ. ವೆಬ್-41 ಅಂದರೆ ಅಲ್ಲಿ ರಸೀದಿ ಮುದ್ರಣ, ಇಲ್ಲಿ ಲಾರಿಯ ನಕ್ಷೆ. ನೋಟ್‌ಬುಕ್‌ನಲ್ಲಿ ಬರೀ ನಂಬರ್ ಬರೆದುಕೊಂಡರೆ ಯಾರದ್ದು ಎಂದು ಗೊತ್ತೇ ಆಗುತ್ತಿರಲಿಲ್ಲ.

ಆಗ ಹುಡುಕಿಕೊಂಡಿದ್ದು ಸೂಪರ್ ಪ್ರೊಡಕ್ಟಿವಿಟಿ. ಉಚಿತ, ಓಪನ್ ಸೋರ್ಸ್ (ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು), ಮುಕ್ತ ಬಳಕೆಗೆ ಬಿಡುವ ಎಂಐಟಿ ಲೈಸೆನ್ಸ್‌ನದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಜಿರಾ, ಗಿಟ್‌ಹಬ್, ಗಿಟ್‌ಲ್ಯಾಬ್, ಓಪನ್‌ಪ್ರಾಜೆಕ್ಟ್, ರೆಡ್‌ಮೈನ್ ತರದ ಸಾಧನಗಳಿಂದ ಕೆಲಸಗಳನ್ನು ಎಳೆದುಕೊಳ್ಳುತ್ತದೆ. ಒಂದೇ ತರದ ಎರಡು ಖಾತೆಗಳನ್ನೂ ಬೇರೆ ಬೇರೆಯಾಗಿ ಸೇರಿಸಬಹುದು. ನನಗೆ ಬೇಕಾಗಿದ್ದು ಅದೇ.

ಸನ್‌ಸಾಮಾ, ಅಕಿಫ್ಲೋ ತರದವೂ ಇದೇ ಕೆಲಸಕ್ಕೆ ಇವೆ. ನೋಡಲು ಇನ್ನೂ ಚೆನ್ನಾಗಿವೆ. ಆದರೆ ಅವುಗಳಿಗೆ ಡಾಲರ್ ಲೆಕ್ಕದಲ್ಲಿ ಚಂದಾ ಕಟ್ಟಬೇಕು. ನನಗೆ ದುಡ್ಡಿಗಿಂತ ಇನ್ನೊಂದು ವಿಷಯ ಮುಖ್ಯವಾಯಿತು. ಮೂರೂ ಕ್ಲೈಂಟ್‌ಗಳ ಜೊತೆ ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ಆಸ್ಪತ್ರೆಯ ಟಿಕೆಟ್‌ನಲ್ಲಿ ಒಮ್ಮೊಮ್ಮೆ ರೋಗಿಯ ಬಿಲ್ಲಿನ ಸ್ಕ್ರೀನ್‌ಶಾಟ್ ಇರುತ್ತದೆ. ಅದನ್ನು ಮೂರನೆಯವರ ಸರ್ವರ್ ಮೂಲಕ ಹಾಯಿಸಲು ನನಗೆ ಧೈರ್ಯವಿಲ್ಲ. ಈ ಆ್ಯಪ್‌ನಲ್ಲಿ ಖಾತೆಯನ್ನೇ ತೆರೆಯಬೇಕಿಲ್ಲ. ಎಲ್ಲವೂ ನನ್ನ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತದೆ. ಬೇಕೆಂದರೆ ಡ್ರಾಪ್‌ಬಾಕ್ಸ್ ಅಥವಾ ವೆಬ್‌ಡಾವ್ (ಸರ್ವರ್‌ನಲ್ಲಿ ಫೈಲ್ ಇಡುವ ಒಂದು ವಿಧಾನ) ಮೂಲಕ ಬೇರೆ ಸಾಧನಗಳ ಜೊತೆ ಸಿಂಕ್ ಮಾಡಿಕೊಳ್ಳಬಹುದು. ನಾನು ಮಾಡಿಲ್ಲ. ಪ್ರತಿ ಶನಿವಾರ ಡೇಟಾ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಡುತ್ತೇನೆ.

ಜೋಡಿಸುವುದು ಕಷ್ಟವಲ್ಲ, ಆದರೆ ಒಂದು ಮಧ್ಯಾಹ್ನ ಬೇಕು. ಜಿರಾಗೆ, ಅದನ್ನು ಮಾಡುವ ಅಟ್ಲಾಸಿಯನ್ ಕಂಪನಿಯಲ್ಲಿರುವ ನಿಮ್ಮ ಖಾತೆಯಿಂದ ಎಪಿಐ ಟೋಕನ್ (ಬೇರೆ ಆ್ಯಪ್ ಒಳಗೆ ಬರಲು ಪಾಸ್‌ವರ್ಡ್‌ನಂತೆ ಬಳಸುವ ಸಂಕೇತ) ತೆಗೆದು, ಸೈಟಿನ ವಿಳಾಸ ಮತ್ತು ಇಮೇಲ್ ಜೊತೆ ಕೊಡಬೇಕು. ಗಿಟ್‌ಲ್ಯಾಬ್‌ಗೂ ಹಾಗೇ ಒಂದು ಟೋಕನ್, ಜೊತೆಗೆ ಸ್ವಂತ ಸರ್ವರ್ ಆದರೆ ಅದರ ವಿಳಾಸ. ಬ್ರೌಸರ್‌ನಲ್ಲಿ ಬಳಸಿದರೆ ಜಿರಾಗೆ ಬ್ರೌಸರ್‌ಗೆ ಸೇರಿಸುವ ಬೇರೆ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕಾಗುತ್ತದೆ. ಅದಕ್ಕೇ ಡೆಸ್ಕ್‌ಟಾಪ್ ಆ್ಯಪ್ ಒಳ್ಳೆಯದು.

ಮೂರನ್ನೂ ಜೋಡಿಸಿ ಮುಗಿದ ದಿನ ನಾನೊಂದು ತಪ್ಪು ಮಾಡಿದೆ. ನನ್ನ ಹೆಸರಿಗಿದ್ದ ಎಲ್ಲವನ್ನೂ ಎಳೆದುಕೊಂಡೆ. ಒಟ್ಟು 64 ಟಿಕೆಟ್! ಮೂರು ಕಡೆ ಚದುರಿದ್ದ ಗಾಬರಿ ಒಂದೇ ಕಡೆ ರಾಶಿ ಬಿತ್ತು, ಅಷ್ಟೇ. ಹಾಗಾಗಿ ಸುಮ್ನೆ ಎಲ್ಲ ಸೇರಿಸಿದರೆ ಉಪಯೋಗವಿಲ್ಲ. ಏನನ್ನು ಒಳಗೆ ಬಿಡಬೇಕು ಎನ್ನುವುದೇ ಇಲ್ಲಿ ನಿಜವಾದ ಕೆಲಸ. ಜಿರಾದ ಹುಡುಕಾಟದ ಭಾಷೆ ಜೆಕ್ಯೂಎಲ್‌ನಲ್ಲಿ ಮೂರು ಷರತ್ತು ಬರೆದೆ: ನನ್ನ ಹೆಸರಿಗಿರಬೇಕು, ಮುಗಿದಿರಬಾರದು, ಈಗ ನಡೆಯುತ್ತಿರುವ ಸ್ಪ್ರಿಂಟ್‌ನಲ್ಲಿ (ತಂಡ ಒಂದೆರಡು ವಾರಕ್ಕೆಂದು ಹಾಕಿಕೊಂಡ ಕೆಲಸದ ಸುತ್ತು) ಇರಬೇಕು. ಗಿಟ್‌ಲ್ಯಾಬ್‌ನಲ್ಲೂ ನನಗೆ ಒಪ್ಪಿಸಿದ್ದು ಮಾತ್ರ ಎಂದು ಆರಿಸಿದೆ. 64 ಹೋಗಿ 11 ಉಳಿಯಿತು.

ಈಗ ಹೊಸ ಟಿಕೆಟ್ ಬಂದರೆ ತಾನಾಗಿಯೇ ಆಯಾ ಪ್ರಾಜೆಕ್ಟಿನ ಬ್ಯಾಕ್‌ಲಾಗ್‌ಗೆ, ಅಂದರೆ ಬಾಕಿ ಕೆಲಸಗಳ ಪಟ್ಟಿಗೆ, ಬಂದು ಬೀಳುತ್ತದೆ. ಹಳೆಯದು ಬದಲಾದರೆ ಗುರುತು ಕಾಣಿಸುತ್ತದೆ. ಬೆಳಿಗ್ಗೆ ಅದರಿಂದ ನಾಲ್ಕೋ ಐದೋ ಆರಿಸಿ ಇವತ್ತಿನ ಪಟ್ಟಿಗೆ ಹಾಕುತ್ತೇನೆ. ಇದನ್ನು ನನ್ನ ಕೈಯಾರೆ ಮಾಡಬೇಕು, ಯಾವ ಆ್ಯಪ್‌ಗೂ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕ್ಲೈಂಟ್‌ಗೊಂದು ಪ್ರಾಜೆಕ್ಟ್, ಪ್ರಾಜೆಕ್ಟಿಗೊಂದು ಬಣ್ಣ ಕೊಟ್ಟಿದ್ದೇನೆ, ಹಳೆಯ ನೀಲಿ, ಹಸಿರು, ಕಿತ್ತಳೆಯನ್ನೇ. ಎರಡು ವೆಬ್-41 ಅಕ್ಕಪಕ್ಕ ಬಂದರೂ ಗೊಂದಲವಿಲ್ಲ. ನಡುವೆ 'ಕರೆಂಟ್ ಬಿಲ್ ಕಟ್ಟು' ಎಂದು ಕನ್ನಡದಲ್ಲೇ ಬರೆದ ನನ್ನ ಸ್ವಂತ ಕೆಲಸವೂ ಇರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಸಮಯದ ಲೆಕ್ಕ. ಕೆಲಸದ ಪಕ್ಕದ ಬಟನ್ ಒತ್ತಿದರೆ ಸಮಯ ಓಡುತ್ತದೆ. ಎದ್ದು ಹೋಗಿ ವಾಪಸ್ ಬಂದರೆ, ಖಾಲಿ ಹೋದ ಹೊತ್ತನ್ನು ಏನು ಮಾಡಲಿ ಎಂದು ಕೇಳುತ್ತದೆ. ಬೇಕಾದರೆ ಆ ಸಮಯವನ್ನು ಜಿರಾದ ವರ್ಕ್‌ಲಾಗ್‌ಗೂ (ಕೆಲಸಕ್ಕೆ ಹಿಡಿದ ಸಮಯದ ದಾಖಲೆ) ಕಳಿಸಬಹುದು. ನಾನು ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವವಳು. ತಿಂಗಳ ಕೊನೆಯಲ್ಲಿ ನೆನಪು ಮಾಡಿಕೊಂಡು ಬರೆಯುವುದು ತಪ್ಪಿತು. ಲಾರಿ ಕ್ಲೈಂಟ್‌ಗೆ ತಿಂಗಳಿಗೆ ಸುಮಾರು ಆರು ಗಂಟೆ ಕಡಿಮೆ ಬಿಲ್ ಮಾಡುತ್ತಿದ್ದೆ ಎಂದು ಗೊತ್ತಾಗಿದ್ದೂ ಆಗಲೇ.

ಕೆಲವು ಮಿತಿಗಳನ್ನೂ ಹೇಳಬೇಕು. ಟಿಕೆಟ್‌ಗೆ ಉತ್ತರ ಬರೆಯಲು, ಸ್ಕ್ರೀನ್‌ಶಾಟ್ ಹಾಕಲು ನಾನು ಈಗಲೂ ಆಯಾ ಸೈಟಿಗೇ ಹೋಗುತ್ತೇನೆ. ಸೆಟ್ಟಿಂಗ್ಸ್ ಪುಟದಲ್ಲಿ ಆಯ್ಕೆಗಳು ಜಾಸ್ತಿ, ಹೊಸಬರಿಗೆ ತಲೆ ತಿರುಗಬಹುದು. ಟೋಕನ್‌ಗಳಿಗೆ ಆಯುಸ್ಸಿದೆ. ಅಟ್ಲಾಸಿಯನ್‌ನ ಹೊಸ ಟೋಕನ್ ಹೆಚ್ಚೆಂದರೆ ಒಂದು ವರ್ಷ ಬಾಳುತ್ತದೆ. ಮುಗಿಯುವ ದಿನವನ್ನು ಅದೇ ಆ್ಯಪ್‌ನಲ್ಲಿ ಒಂದು ಕೆಲಸವಾಗಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಬಿಡಬೇಡಿ. ಜೋಡಿಸುವ ಮುಂಚೆ ಕ್ಲೈಂಟಿನ ಅಡ್ಮಿನ್ ಅವರನ್ನು ಕೇಳಿ. ಟೋಕನ್ ಅಂದರೆ ಅವರ ಮನೆಯ ಕೀಲಿಕೈ. ನಾನು ಮೂವರಿಗೂ ಮೇಲ್ ಬರೆದು, ಡೇಟಾ ಎಲ್ಲಿರುತ್ತದೆ ಎಂದು ವಿವರಿಸಿ, ಒಪ್ಪಿಗೆ ಬಂದ ಮೇಲೆಯೇ ಸೇರಿಸಿದ್ದು. ಆಸ್ಪತ್ರೆಯವರು ಒಪ್ಪಲು ಮೂರು ವಾರ ತೆಗೆದುಕೊಂಡರು. ಆ ಮೂರು ವಾರ ಅವರ ಟಿಕೆಟ್‌ಗಳ ನಂಬರನ್ನು ಮಾತ್ರ ಕೈಯಲ್ಲೇ ಟೈಪ್ ಮಾಡಿಕೊಂಡೆ. ಅದೂ ಪರವಾಗಿಲ್ಲ, ನಡೆಯುತ್ತದೆ.

ಮೊನ್ನೆ ಭದ್ರಾವತಿಯ ಹುಡುಗಿಯ ಲ್ಯಾಪ್‌ಟಾಪ್‌ಗೂ ಹಾಕಿಕೊಟ್ಟೆ. ಅವಳಿಗೆ ಈಗ ತನ್ನದೇ ಒಬ್ಬ ಕ್ಲೈಂಟ್ ಸಿಕ್ಕಿದ್ದಾರೆ. ನನ್ನ ಕೆಲಸದ ಗಿಟ್‌ಲ್ಯಾಬ್ ಸೇರಿಸಿದ್ದಾಯಿತು, ಅವಳ ಕ್ಲೈಂಟಿನ ಜಿರಾ ಬಾಕಿ ಇದೆ. ಅಡ್ಮಿನ್‌ಗೆ ಮೇಲ್ ಬರೆದು ಕಾಯುತ್ತಿದ್ದಾಳೆ.